‘ಟ್ರ್ಯಾಕ್ ಡೇ’ಗೆ ಕನ್ನಡದಲ್ಲಿ ಏನನ್ನೋಣ? ಇವತ್ತು ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಶನಿವಾರ ನಾವು ಏಳೆಂಟು ಜನ ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುತ್ತಿದ್ದೇವೆ. ಒಂದು ಪೋರ್ಷೆ ಕೇಮನ್, ಎರಡು ಬಿಎಂಡಬ್ಲ್ಯು ಎಂ2, ಮತ್ತೆ ಇನ್ನೂ ಕಂತು ಮುಗಿಯದ ನನ್ನದೊಂದು ಸ್ಪೋರ್ಟ್ಸ್ ಕಾರು, ಹೀಗೆ. ಜೊತೆಗೆ ಬರುವ ಮೆಕ್ಯಾನಿಕ್ ಹುಡುಗರಿಗೆ ಕನ್ನಡದಲ್ಲಿ ಒಂದು ಪುಟ ಸೂಚನೆ ಕೊಡಬೇಕು. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಇದು ರೇಸ್ ಅಲ್ಲ. ಗೆಲ್ಲೋರಿಲ್ಲ, ಸೋಲೋರಿಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, 3.7 ಕಿ.ಮೀ. ಸುತ್ತಿನಲ್ಲಿ ನಮ್ಮ ನಮ್ಮ ಕಾರನ್ನು ಮನಸಾರೆ ಓಡಿಸಿ ಬರುವುದು, ಅಷ್ಟೇ. ಹಾಗಾಗಿ ‘ಪಂದ್ಯ’, ‘ಸ್ಪರ್ಧೆ’ ಆಗಲ್ಲ. ಬ್ರೇಕು, ಎಂಜಿನ್ನು ತಣ್ಣಗಾಗಲಿ ಅಂತ ಕೊನೆಗೆ ನಿಧಾನವಾಗಿ ಹಾಕುವ ‘ಕೂಲ್ ಡೌನ್ ಲ್ಯಾಪ್’ಗೂ ಒಂದು ಪದ ಹೇಳಿ. ‘ಆರುವ ಸುತ್ತು’ ಅಂತ ಬರೆದಿದ್ದೆ, ಹೆಂಡತಿ ಓದಿ ‘ಐದನೇ ಸುತ್ತು ಎಲ್ಲಿ?’ ಅಂದಳು.

— ಸುತ್ತೋಟದ ನಾಳು. ‘ದಿನ’ ಸಂಸ್ಕೃತ, ಬೇಡ. ‘ನಾಳೆ’ಯಲ್ಲಿ ಇರುವುದು ನಮ್ಮದೇ ‘ನಾಳು’.

— ‘ಸುತ್ತೋಟ’ವನ್ನು ನಾನು ಮೊದಲ ಸಲ ‘ಸುತ್ತಾಟ’ ಅಂತಲೇ ಓದಿದೆ. ‘ನಾಳು’ ಅಂತ ಬರೆದರೆ ಹುಡುಗರು ನಾಳೆ ಅಂದುಕೊಂಡು ಭಾನುವಾರ ಬರ್ತಾರೆ.

— ಓದಲು ಬಾರದವರಿಗೋಸ್ಕರ ಪದ ಕಟ್ಟಲು ಆಗಲ್ಲ.

— ಇಷ್ಟು ಒದ್ದಾಡುವುದು ಯಾಕೆ ಮಾರಾಯ್ರೆ? ಕಂಬಳದಲ್ಲಿ ಕೋಣ ಓಡುವ ಜಾಗಕ್ಕೆ ‘ಕರೆ’ ಅಂತಲೇ ಹೆಸರು, ಎರಡಿದ್ದರೆ ಜೋಡುಕರೆ. ಹೊರಡುವ ಕಡೆ ಗಂತು, ಮುಟ್ಟುವ ಕಡೆ ಮಂಜೊಟ್ಟಿ. ಸೀಸನ್ ಶುರುವಾಗುವ ಮುಂಚೆ ಕೋಣಗಳನ್ನು ಸುಮ್ನೆ ಓಡಿಸಿ ಪಳಗಿಸುವುದಕ್ಕೆ ‘ಕುದಿ ಕಂಬಳ’ ಅಂತೇವೆ. ನಿಮ್ಮದೂ ಅದೇ ಅಲ್ವಾ? ಕೋಣದ ಬದಲು ಕಾರು. ‘ಕಾರು ಕುದಿ’ ಅಂತ ಬರೆಯಿರಿ.

— ಅದು ತುಳು.

— ತುಳು ಆದರೆ ಏನು? ಇಂಗ್ಲಿಷಿನಿಂದ ತರಬಹುದು, ಪಕ್ಕದ ಮನೆಯಿಂದ ತರಬಾರದಾ? ನೀವು ದಿನಾ ಗಾಡಿ ಓಡಿಸುವ ‘ರಸ್ತೆ’ ಪಾರಸಿಯದ್ದು. ಅದರ ಮೇಲೆ ಓಡಾಡುವಾಗ ಯಾವ ಮಡಿಯೂ ಅಡ್ಡ ಬರಲಿಲ್ಲ.

— ‘ದಾರಿ’ ಇರುವಾಗ ‘ರಸ್ತೆ’ ಯಾಕೆ ಬಂತು ಅನ್ನುವುದೇ ನನ್ನ ಪ್ರಶ್ನೆ. ನಿಮ್ಮಂಥವರಿಂದಲೇ ಬಂತು.

— ಜಗಳ ಆಮೇಲೆ ಆಡೋಣ. ಕೇಳಿದವನು ನಾನು. ‘ಕುದಿ’ ನನಗೆ ತುಂಬಾ ಹಿಡಿಸಿತು, ಆದರೆ ಹಾಳೆಯ ಮೂರನೇ ಸಾಲಿನಲ್ಲೇ ‘ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಒಳಗೆ ಹೋಗುತ್ತೆ, ಹೊರಡುವ ಮುಂಚೆ ಹೊಸದು ಹಾಕಿ’ ಅಂತಿದೆ. ಹೋದ ಸಲ ನನಗೇ ಹಾಗಾಯಿತು. ಎರಡು ವರ್ಷದ ಹಳೇ ಆಯಿಲ್, ಮಳೆಗಾಲದ ತೇವ ಎಲ್ಲ ಕುಡಿದಿತ್ತು. ನಾಲ್ಕನೇ ಸುತ್ತಿಗೆ ಪೆಡಲ್ ನೆನೆದ ಸ್ಪಂಜಿನ ಥರ ಆಗಿ, ಮೂರು ಮೂರು ಸಲ ಒತ್ತಿ ಒತ್ತಿ, ಬೆವೆತುಕೊಂಡು ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್ ಸೇರಿದೆ. ತಲೆಬರಹದಲ್ಲಿ ‘ಕಾರು ಕುದಿ’ ನೋಡಿದರೆ ಹುಡುಗರು ಮೊದಲು ಬಾನೆಟ್ ಎತ್ತುತ್ತಾರೆ.

— ಪದ ಏನಾದರೂ ಇಡಿ, ವಿಮೆ ಕಾಗದ ಒಮ್ಮೆ ತೆಗೆದು ನೋಡಿ. ರೇಸ್ ಮಾತ್ರ ಅಲ್ಲ, ಸ್ಪೀಡ್ ಟೆಸ್ಟಿಂಗ್ ಕೂಡ ಹೊರಗೆ ಅಂತ ಬರೆದಿರುತ್ತೆ. ‘ಸುತ್ತೋಟ’ ಅಂದ ಮಾತ್ರಕ್ಕೆ ದುಡ್ಡು ಕೊಡಲ್ಲ.

— ಗೊತ್ತು ಸರ್, ಆ ಭಯ ಇದ್ದೇ ಇದೆ. ಒಬ್ಬ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ‘ಟ್ರ್ಯಾಕ್ ಅಂತ ಹಾಕಿ ಸಾರ್, ಸಾಕು’ ಅಂದ. ‘ಶನಿವಾರದ ಟ್ರ್ಯಾಕ್ ಓಟ’ ಅಂತ ಹಾಕಿ ಪ್ರಿಂಟಿಗೆ ಕಳಿಸಿದೆ. ಕೊನೆಯದು ‘ಬಿಸಿ ಇಳಿಸುವ ಸುತ್ತು’. ಅದರ ಕೆಳಗೆ ದಪ್ಪಕ್ಷರದಲ್ಲಿ: ‘ಪಿಟ್‌ಗೆ ಬಂದ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.’ ಎಲ್ಲರಿಗೂ ಥ್ಯಾಂಕ್ಸ್.

— ‘ಟ್ರ್ಯಾಕ್’ ಹಾಳಾಗಿ ಹೋಗಲಿ. ‘ಚಕ್ರ’ ಯಾಕೆ? ‘ಗಾಲಿ’ ಸತ್ತುಹೋಯಿತಾ?