ಜಲಗಾರ, ಜಾಲಾಡು, ಜಾಲಿಸು: ಇಲ್ಲಿ ನೀರೂ ಇಲ್ಲ, ಬಲೆಯೂ ಇಲ್ಲ ಅಲ್ವಾ?

ಎಲ್ಲರಿಗೂ ನಮಸ್ಕಾರ,

1849ರ ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಬಗ್ಗೆ ಮಕ್ಕಳಿಗಾಗಿ ಮಾಡಿದ ಅನುವಾದವೊಂದು ತಿದ್ದಲು ನನ್ನ ಕೈಗೆ ಬಂತು. ಅದರಲ್ಲಿ ಜನ "ನದಿಯಲ್ಲಿ ಬಾಣಲೆ ಹಾಕುತ್ತಿದ್ದರು" ಎಂದಿತ್ತು! ಬೋಂಡಾ ಕರಿಯೋಕಾ ಅಂತ ನಕ್ಕೆ. ಮೂಲದಲ್ಲಿದ್ದದ್ದು ಇಂಗ್ಲಿಷಿನ 'ಪ್ಯಾನಿಂಗ್', ಅಂದರೆ ಅಗಲ ತಟ್ಟೆಯಲ್ಲಿ ಹೊಳೆಯ ಮರಳು ತೊಳೆದು ಚಿನ್ನ ತೆಗೆಯೋದು. ಆಮೇಲೆ ನೋಡಿದರೆ ನನಗೂ ಸರಿಯಾದ ಪದ ಸಿಗಲಿಲ್ಲ. 'ಚಿನ್ನದ ಶೋಧನೆ' ಅಂದರೆ ಕಣ್ಣಿಗೆ ಬರೋದು ಸರ್ಕಾರಿ ಜೀಪು, ಮೊಣಕಾಲುದ್ದ ನೀರಲ್ಲಿ ನಿಂತ ಮನುಷ್ಯ ಅಲ್ಲ.

ಆದರೆ ಈ ಕಸುಬು ನಮ್ಮಲ್ಲೇ ಇತ್ತಲ್ಲ. ಗದಗದ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ, ಡೋಣಿ, ಸೊರಟೂರು, ಹರ್ತಿ ಸುತ್ತ, ಮರಳು ತೊಳೆದು ಚಿನ್ನದ ಪುಡಿ ತೆಗೆಯುವವರಿದ್ದರು. ಬ್ರಿಟಿಷರ ಕಾಲದ ಬರಹಗಳಲ್ಲಿ ಅವರ ಹೆಸರು 'ಜಲ್ಗಾರ್'. ಇಂಗ್ಲಿಷ್ ಅಕ್ಷರದಲ್ಲಿ ಬರೆದಿರೋದರಿಂದ ಜಲಗಾರನೋ ಜಾಲಗಾರನೋ ಎಂಬ ತಕರಾರು ಉಳಿದೇ ಇದೆ.

ನಮಗೆ ಗೊತ್ತಿರುವ 'ಜಲಗಾರ' ಬೇರೆಯೇ. ಕುವೆಂಪು ಅವರ 1928ರ ನಾಟಕದಲ್ಲಿ ಅವನು ಬೀದಿ ಗುಡಿಸುವವ. ಹಳ್ಳದಲ್ಲಿ ಚಿನ್ನ ತೆಗೆಯುವವನಿಗೂ ಬೀದಿಯ ಕಸ ತೆಗೆಯುವವನಿಗೂ ಒಂದೇ ಹೆಸರು ಹೇಗೆ ಬಂತು? ನನ್ನ ಊಹೆ ಹೀಗಿದೆ. ಅಕ್ಕಸಾಲಿಗರ ಅಂಗಡಿ ಮುಂದಿನ ದೂಳು, ಚರಂಡಿಯ ಕೆಸರು ಗುಡಿಸಿಕೊಂಡು ಹೋಗಿ ತೊಳೆದು ಚೂರುಪಾರು ಚಿನ್ನ ತೆಗೆಯುವವರು ಈಗಲೂ ಇದ್ದಾರೆ. ಕೆಲಸ ಹಳ್ಳದವನದ್ದೇ, ಜಾಗ ಮಾತ್ರ ಬೀದಿ. ನೋಡುವವರಿಗೆ ಕಂಡಿದ್ದು ಪೊರಕೆ, ಚಿನ್ನ ಕಾಣಲಿಲ್ಲ. ಹಾಗಾಗಿ ಗುಡಿಸುವವನೇ ಜಲಗಾರ ಆದ.

ಇನ್ನು ಪದದ ಬೇರು. ಜಲಗಾರ ಅಂದರೆ 'ಜಲ'ದಿಂದ, ಜಾಲಗಾರ ಅಂದರೆ 'ಬಲೆ'ಯಿಂದ ಅಂತ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ. ನಮ್ಮ ಮನೆಯಲ್ಲಿ ಪಾತ್ರೆ, ಬಟ್ಟೆ, ಅಕ್ಕಿ ಎಲ್ಲ 'ಜಾಲಿಸು'ತ್ತಿದ್ದರು, ಅಂದರೆ ನೀರಲ್ಲಿ ಅಲ್ಲಾಡಿಸಿ ತೊಳೆಯೋದು. ಚಿನ್ನ ತೆಗೆಯುವುದೂ ಅದೇ ಕೈಚಳಕ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಚಿಲ್ಲರೆ. ತಟ್ಟೆ ತಿರುಗಿಸುತ್ತಾ ನೀರು ಚೆಲ್ಲಿದರೆ ಮರಳು ಹೋಗುತ್ತದೆ, ತಳದಲ್ಲಿ ಭಾರದ ಕಪ್ಪು ಮರಳೂ ಅದೃಷ್ಟವಿದ್ದರೆ ಚಿನ್ನವೂ ಉಳಿಯುತ್ತವೆ. ಅಕ್ಕಿಯಲ್ಲಾದರೆ ತಳದಲ್ಲಿ ಉಳಿದ ಕಲ್ಲನ್ನು ಎಸೆಯುತ್ತೇವೆ, ಅಷ್ಟೇ ವ್ಯತ್ಯಾಸ.

ಈಗ 'ಜಾಲಾಡು' ನೋಡಿ. "ಇಡೀ ಮನೆ ಜಾಲಾಡಿದರು" ಅನ್ನುತ್ತೇವೆ. ಇದನ್ನೂ ಬಲೆಗೆ ಗಂಟು ಹಾಕುವವರೇ ಜಾಸ್ತಿ. ಆದರೆ ತೆಲುಗಿನ 'ಗಾಲಿಂಚು'ವಿಗೂ ಇದೇ ಎರಡು ಅರ್ಥ: ಅಕ್ಕಿಯನ್ನು ನೀರಲ್ಲಿ ಆಡಿಸಿ ಕಲ್ಲು ಬೇರೆ ಮಾಡುವುದು, ಮೂಲೆಮೂಲೆ ಹುಡುಕುವುದು. ಅಲ್ಲಿ ಬಲೆಯ ಸುಳಿವೇ ಇಲ್ಲ. ಅಂದಮೇಲೆ ನಮ್ಮ ಜಾಲಾಡುವುದೂ ತೊಳೆಯುವ ಜಾಲಿಸುವಿಕೆಯಿಂದ ಬಂದಿರಬೇಕು, ಜಲ್ಲಡಿ ಕೂಡ ಇದೇ ಮನೆಯ ಕೂಸಿರಬಹುದು. ಬರಿಯ ಊಹೆ ಅನ್ನಿಸಿದರೆ ಬಯ್ಯಿರಿ, ಆದರೆ ಕಾರಣ ಕೊಟ್ಟು ಬಯ್ಯಿರಿ.

ಅನುವಾದಕ್ಕೆ ಸದ್ಯ 'ಚಿನ್ನ ಜಾಲಿಸುವುದು' ಅಂತ ಹಾಕಿದ್ದೇನೆ. ತಟ್ಟೆಗೆ ಮಾತ್ರ ಪದ ಬೇಕು. ಕೇರಳದ ನಿಲಂಬೂರಿನಲ್ಲಿ ಚಾಲಿಯಾರ್ ಹೊಳೆಯ ಮರಳು ತೊಳೆಯುವ ಮರದ ತಟ್ಟೆಗೆ ಮಲಯಾಳಿಗಳು 'ಮರವಿ' ಅನ್ನುತ್ತಾರೆ. ನಮ್ಮ 'ಮರಿಗೆ' (ಮರದ ಬೋಗುಣಿ) ಅದಕ್ಕೆ ನೆಂಟನೇ ಅನ್ನಿಸುತ್ತದೆ, ಆದರೆ ಈ ಕೆಲಸಕ್ಕೆ ಅದನ್ನು ಬಳಸಿದ್ದನ್ನು ನಾನು ಕೇಳಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ಕಡೆಯವರು ಯಾರಾದರೂ ಇದ್ದರೆ ಹಿರಿಯರನ್ನು ಕೇಳಿ ಹೇಳ್ತೀರಾ? ಕೋಲಾರದವರೂ ಹೇಳಿ. 1802ರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ ಜಾನ್ ವಾರೆನ್ ಬಂದಾಗ ಉರಿಗಾಂ, ಮಾರಿಕುಪ್ಪಂ ಸುತ್ತಿನ ಊರವರು ಮಣ್ಣು ತೊಳೆದು ಚಿನ್ನ ತೋರಿಸಿದ್ದರಲ್ಲ, ಅವರ ಮೊಮ್ಮಕ್ಕಳ ಬಾಯಲ್ಲಿ ಒಂದು ಪದವಾದರೂ ಉಳಿದಿರಬೇಕು.