ಬೆಂಗಳೂರಿನಿಂದ ಮೈಸೂರಿಗೆ ಒಂದೇ ದಿನದಲ್ಲಿ ಎಂಟು ಜನರ ಸೈಕಲ್ ಸವಾರಿ: ಸಿದ್ಧತೆ ಹೇಗೆ, ಮರಳಿ ಮನೆ ಸೇರುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಎಂಟು ಮಂದಿ ಗೆಳೆಯರು ಜನವರಿ ನಡುವಿನ ಒಂದು ಭಾನುವಾರ ಬನಶಂಕರಿಯಿಂದ ಹೊರಟು ಅದೇ ದಿನ ಮೈಸೂರು ತಲುಪಬೇಕೆಂದು ನಿಶ್ಚಯಿಸಿದ್ದೇವೆ. ನಮ್ಮಲ್ಲಿ ಅತಿ ಕಿರಿಯರಿಗೆ 29 ವರ್ಷ, ಹಿರಿಯರಿಗೆ 54. ಐವರ ಬಳಿ ಹೈಬ್ರಿಡ್ ಸೈಕಲ್‌ಗಳಿವೆ, ಒಬ್ಬರ ಬಳಿ ರೋಡ್ ಬೈಕ್ ಇದೆ, ಇನ್ನಿಬ್ಬರದು ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್). ಈವರೆಗೆ ನಾವು ಒಟ್ಟಾಗಿ ಹೋಗಿರುವ ಅತಿ ದೂರದ ಸವಾರಿ 60 ಕಿಲೋಮೀಟರ್ ಮಾತ್ರ. ಇನ್ನು ಒಂಬತ್ತು ವಾರಗಳಿವೆ. ಅಷ್ಟರಲ್ಲಿ ಅಭ್ಯಾಸವನ್ನು ಯಾವ ಕ್ರಮದಲ್ಲಿ ಹೆಚ್ಚಿಸಬೇಕು, ವೇಗದಲ್ಲಿ ಇಷ್ಟು ವ್ಯತ್ಯಾಸವಿರುವ ಗುಂಪನ್ನು ಒಟ್ಟಿಗೆ ಕರೆದೊಯ್ಯುವುದು ಹೇಗೆ, ಮಂಡ್ಯದ ದಾರಿ ಒಳ್ಳೆಯದೋ ಕನಕಪುರದ ದಾರಿಯೋ ಎಂಬುದನ್ನು ತಿಳಿದವರು ಹೇಳಬೇಕು. ಮರುದಿನ ಎಲ್ಲರಿಗೂ ಕೆಲಸವಿರುವುದರಿಂದ ಅಂದು ರಾತ್ರಿಯೇ ಮನೆ ಸೇರಬೇಕು. ರೈಲಿನಲ್ಲಿ ಸೈಕಲ್‌ಗಳನ್ನು ಜೊತೆಗೇ ತರಬಹುದೇ?

ಉತ್ತರ 1

ನೀವು ಕೊನೆಯಲ್ಲಿ ಕೇಳಿರುವುದನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮರಳುವ ಬಗೆ ಗೊತ್ತಾಗದೆ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕೆಂಬುದಾಗಲಿ, ಹಿಂದುಳಿದವರು ಎಲ್ಲಿ ಸವಾರಿ ನಿಲ್ಲಿಸಬೇಕೆಂಬುದಾಗಲಿ ಗೊತ್ತಾಗುವುದಿಲ್ಲ. ನಾನು ಈ ದಾರಿಯಲ್ಲಿ ನಾಲ್ಕು ಬಾರಿ ಗುಂಪಿನೊಂದಿಗೆ ಹೋಗಿದ್ದೇನೆ. ಪ್ರತಿ ಬಾರಿಯೂ ಮೈಸೂರು ಸೇರುವುದಕ್ಕಿಂತ ಸೈಕಲ್‌ಗಳೊಂದಿಗೆ ಮನೆ ಸೇರುವುದೇ ಹೆಚ್ಚು ಯೋಚನೆ ಬೇಡಿದ ಕೆಲಸವಾಗಿತ್ತು.

ರೈಲಿನಲ್ಲಿ ಸೈಕಲ್ ತರಬಹುದು, ಆದರೆ ನಿಮ್ಮ ಪಕ್ಕದಲ್ಲಿಟ್ಟುಕೊಂಡು ಅಲ್ಲ. ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ, ಪಾರ್ಸೆಲ್ ಕಚೇರಿಯಲ್ಲಿ ಅದನ್ನು ಲಗೇಜ್ ಎಂದು ಬುಕ್ ಮಾಡಿಸಿ, ಹೆಸರು, ಫೋನ್ ಸಂಖ್ಯೆ, ಹೊರಡುವ ಮತ್ತು ಸೇರುವ ನಿಲ್ದಾಣಗಳನ್ನು ಬರೆದ ಚೀಟಿಯನ್ನು ಗಟ್ಟಿಯಾಗಿ ಕಟ್ಟಿ, ರೈಲಿನ ಬ್ರೇಕ್ ವ್ಯಾನಿಗೆ, ಅಂದರೆ ಲಗೇಜ್ ಸಾಗಿಸುವ ಬೋಗಿಗೆ, ಏರಿಸಬೇಕು. ಹತ್ತಿರದ ಊರುಗಳ ನಡುವೆ ಓಡುವ ಮೆಮು ರೈಲುಗಳಲ್ಲಿಯೂ ವಂದೇ ಭಾರತ್‌ನಲ್ಲಿಯೂ ಇದಕ್ಕೆ ಅವಕಾಶವಿಲ್ಲ. ಕೆಂಗೇರಿಯಂಥ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರವಾದ್ದರಿಂದ ಅಲ್ಲಿ ಸೈಕಲ್ ಇಳಿಸಿಕೊಳ್ಳುವ ಯೋಚನೆ ಬೇಡ, ಮೆಜೆಸ್ಟಿಕ್‌ವರೆಗೆ ಬರಬೇಕು. ಒಂದೆರಡು ಸೈಕಲ್‌ಗಳಾದರೆ ಇದು ನಡೆಯುತ್ತದೆ. ಎಂಟು ಸೈಕಲ್‌ಗಳಿಗೆ ಒಂದೇ ರೈಲಿನಲ್ಲಿ ಜಾಗ ಸಿಗುವುದೆಂದು ನಂಬಿ ಹೊರಡಬಾರದು. ಹಿಂದೊಮ್ಮೆ ಬೇರೊಂದು ಊರಿನಿಂದ ಹೀಗೆ ಬರುವಾಗ ನಾವು ರೈಲು ಹೊರಡಲು 40 ನಿಮಿಷ ಇರುವಾಗ ನಿಲ್ದಾಣಕ್ಕೆ ಹೋದೆವು. ನಮ್ಮ ಆರು ಸೈಕಲ್‌ಗಳ ಪೈಕಿ ಎರಡು ಮಾತ್ರ ನಮ್ಮೊಂದಿಗೆ ಬಂದವು, ಉಳಿದವುಗಳಿಗಾಗಿ ಮೂರು ದಿನ ಓಡಾಡಿದೆವು. ತಡವಾಗಿ ಹೋದ ತಪ್ಪು ನಮ್ಮದೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಜನರು ರೈಲಿನಲ್ಲಿ ಬರಲಿ, ಸೈಕಲ್‌ಗಳು ಗಾಡಿಯಲ್ಲಿ ಬರಲಿ. ಬೆಂಗಳೂರಿನಿಂದಲೇ ಒಂದು ಪಿಕಪ್ ಅಥವಾ ಟಾಟಾ ಏಸ್ ಗಾಡಿಯನ್ನು ಇಡೀ ದಿನಕ್ಕೆ ಗೊತ್ತುಮಾಡಿ, ಅದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೊರಟು ಹನ್ನೊಂದೂವರೆಗೆ ಕನಕಪುರದ ದಾರಿಯಲ್ಲಿ ಸಿಗುವ ಮಳವಳ್ಳಿಯಲ್ಲಿ ನಿಮ್ಮನ್ನು ಕೂಡಿಕೊಳ್ಳುವಂತೆ ಮಾಡಿ. ಅಲ್ಲಿಂದ ಮುಂದೆ ಅದು ಗುಂಪಿನ ಹಿಂದೆ ನಿಧಾನವಾಗಿ ಬರಲಿ. ದಣಿದವರ ಸೈಕಲನ್ನು ಅದಕ್ಕೆ ಏರಿಸಬಹುದು, ಸಂಜೆ ಎಲ್ಲ ಸೈಕಲ್‌ಗಳನ್ನೂ ಹೊತ್ತು ನಿಮ್ಮ ಬಡಾವಣೆಗೇ ಮರಳಬಹುದು. ಬಾಡಿಗೆ ಎರಡೂ ಕಡೆಗೆ ಬೀಳುತ್ತದೆ, ಆದರೆ ಎಂಟು ಪಾಲಾಗುವುದರಿಂದ ಹೊರೆಯೆನಿಸದು. ಚಾಲಕರ ಪಕ್ಕದ ಸೀಟಿನಲ್ಲಿ ಒಬ್ಬರು ಕೂರಬಹುದು. ಸರಕಿನ ಜಾಗದಲ್ಲಿ ಮಾತ್ರ ಯಾರೂ ಕೂರಬಾರದು, ಅದು ಅಪಾಯವೂ ಹೌದು, ಕಾನೂನಿಗೆ ವಿರುದ್ಧವೂ ಹೌದು. ಹಳೆಯ ಕಂಬಳಿಗಳನ್ನೂ ಕತ್ತರಿಸಿದ ಹಳೆಯ ಟ್ಯೂಬುಗಳನ್ನೂ ಗಾಡಿಯಲ್ಲಿ ಹಾಕಿ ಕಳುಹಿಸಿ. ಪೆಡಲ್‌ಗಳನ್ನು ಬಿಚ್ಚಿ, ಹಿಂದಿನ ಗೇರನ್ನು ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒಳಗೆ ಸರಿಯುವಂತೆ ಮಾಡಿ, ಒಂದರ ಹ್ಯಾಂಡಲ್ ಪಕ್ಕಕ್ಕೆ ಇನ್ನೊಂದರ ಸೀಟು ಬರುವಂತೆ ನಿಲ್ಲಿಸಿ ಕಟ್ಟಿದರೆ ಎಂಟೂ ಹಿಡಿಸುತ್ತವೆ.

ದಿನದ ವಿಷಯ. ಭಾನುವಾರ ಬೇಡ, ಶನಿವಾರ ಹೋಗಿ. ಜನವರಿ ನಡುವೆಯೂ ಬೇಡ. ಸಂಕ್ರಾಂತಿಗೆ ಊರಿಗೆ ಹೋದವರೆಲ್ಲ ಮರಳುವ ದಿನಗಳಲ್ಲಿ ಮೈಸೂರಿನಿಂದ ಬರುವ ರೈಲು, ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಹಬ್ಬ ಕಳೆದ ಮೇಲಿನ ಶನಿವಾರವಾದರೆ ಅಭ್ಯಾಸಕ್ಕೆ ಒಂದು ವಾರ ಹೆಚ್ಚು ಸಿಗುತ್ತದೆ, ಏನಾದರೂ ಎಡವಟ್ಟಾದರೆ ಭಾನುವಾರ ಕೈಯಲ್ಲಿರುತ್ತದೆ. ಚಳಿಗಾಲದ ಗಾಳಿ ಸಾಮಾನ್ಯವಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುವುದರಿಂದ ನೈಋತ್ಯಕ್ಕೆ ಹೋಗುವ ನಿಮಗೆ ಬೆನ್ನಿಗೆ ಒದಗುತ್ತದೆ. ಇದೇ ಸವಾರಿಯನ್ನು ಜುಲೈನಲ್ಲಿ ಮಾಡಿದಾಗ ಎದುರುಗಾಳಿಗೆ ಸಿಕ್ಕಿ ನಮಗೆ ಎರಡು ಗಂಟೆ ಹೆಚ್ಚು ಹಿಡಿಯಿತು.

ದಾರಿಯ ಬಗ್ಗೆ ಎರಡೇ ಮಾತು. ಮಂಡ್ಯದ ಮೂಲಕ ಹೋಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದಾದರೂ ಎದುರುಬದಿಯಿಂದ ಬರುವ ವಾಹನಗಳ ಕಾಟ ಬಹಳ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು ಮಾರ್ಗವಾಗಿ ಸುಮಾರು 140 ಕಿಲೋಮೀಟರ್ ಆಗುತ್ತದೆ. ಗುಂಪಿಗೆ ಇದೇ ಹಿತ. ಬೆಂಗಳೂರು ಮೈಸೂರಿಗಿಂತ ನೂರೈವತ್ತು ಮೀಟರಿನಷ್ಟು ಎತ್ತರದಲ್ಲಿದ್ದರೂ ದಾರಿಯುದ್ದಕ್ಕೂ ಇಳಿಜಾರಿರುತ್ತದೆಂದು ತಿಳಿಯಬೇಡಿ, ಹಲಗೂರಿನವರೆಗೂ ಏರಿಳಿತಗಳಿವೆ.

ಈಗ ಅಭ್ಯಾಸ. ವಾರದಲ್ಲಿ ಎರಡು ದಿನ ಒಂದೊಂದು ಗಂಟೆ, ವಾರಾಂತ್ಯದಲ್ಲಿ ಒಂದು ದೀರ್ಘ ಸವಾರಿ ಇಟ್ಟುಕೊಳ್ಳಿ. ಅದು 60ರಿಂದ ಆರಂಭವಾಗಿ ವಾರಕ್ಕೆ ಹತ್ತು ಕಿಲೋಮೀಟರಿನಂತೆ ಏರಲಿ, ನಾಲ್ಕನೆಯ ವಾರ ಒಮ್ಮೆ ಇಳಿಯಲಿ. ಹೊರಡುವ ದಿನಕ್ಕೆ ಎರಡು ವಾರ ಮುಂಚೆ 110 ಕಿಲೋಮೀಟರನ್ನು ಎಂಟೂ ಜನ ಒಟ್ಟಾಗಿ ಮುಗಿಸಿ, ಆಮೇಲೆ ಕಡಿಮೆ ಮಾಡಿ. ನಂದಿ ಬೆಟ್ಟದ ಬುಡದವರೆಗೆ ಹೋಗಿ ಬರುವುದು ಈ ಕೊನೆಯ ದೀರ್ಘ ಅಭ್ಯಾಸಕ್ಕೆ ಹೆಚ್ಚುಕಡಿಮೆ ಒಳ್ಳೆಯ ದೂರ, ಬೆಟ್ಟ ಹತ್ತಲೇಬೇಕೆಂದಿಲ್ಲ. ಅಂದು ತೊಡುವ ಚಡ್ಡಿ, ಅಂದು ತಿನ್ನುವ ತಿಂಡಿ, ಅಂದಿನ ಸೀಟು, ಎಲ್ಲವನ್ನೂ ಈ ಸವಾರಿಗಳಲ್ಲೇ ಪರೀಕ್ಷಿಸಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಬಹುಮಟ್ಟಿಗೆ ಸೀಟು ತಗ್ಗಾಗಿದೆ ಎಂದರ್ಥ. ಎಂಟಿಬಿ ಇರುವ ಇಬ್ಬರು ಉಬ್ಬುಗಳ ಟೈರ್ ತೆಗೆಸಿ ನುಣುಪಾದ, ಕಿರಿದಾದ ಟೈರ್ ಹಾಕಿಸಿಕೊಂಡರೆ ಆ ಖರ್ಚಿನ ಬೆಲೆ ಮಳವಳ್ಳಿಗೆ ಬರುವಷ್ಟರಲ್ಲಿ ತಿಳಿಯುತ್ತದೆ.

ಗುಂಪಿನ ವೇಗ ಅತಿ ನಿಧಾನದವರ ವೇಗವೇ ಆಗಿರಬೇಕು. ರೋಡ್ ಬೈಕಿನವರು ಮುಂದೆ ಹೋಗಿ ಕಾಯುವ ಬದಲು, ಗಾಳಿಯನ್ನು ಸೀಳುತ್ತ ಮುಂದಿರಲಿ. ಹಿಂದೆ ಒಂದು ಸೈಕಲಿನಷ್ಟು ಅಂತರದಲ್ಲಿ ಬರುವವರಿಗೆ ತುಳಿಯುವ ಶ್ರಮ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಅನುಭವಿಯೊಬ್ಬರು ಯಾವಾಗಲೂ ಕೊನೆಯಲ್ಲಿರಲಿ. ಗುಂಡಿ ಕಂಡವರು ‘ಗುಂಡಿ’ ಎಂದು, ಹಂಪ್ ಕಂಡವರು ‘ಹಂಪ್’ ಎಂದು ಕೂಗಿ ಹೇಳುವ ರೂಢಿಯನ್ನು ಮೊದಲ ವಾರದಿಂದಲೇ ಬೆಳೆಸಿಕೊಳ್ಳಿ.

ಗಂಟೆಗೆ 20 ಕಿಲೋಮೀಟರಿನಂತೆ ತುಳಿಯುವ ಹೊತ್ತೇ ಏಳು ಗಂಟೆ. ಎಂಟು ಜನರ ನಿಲುಗಡೆಗಳಿಗೆ ಎರಡೂವರೆ ಗಂಟೆ ಸೇರಿಸಿ. ಒಂದು ಪಂಕ್ಚರ್ ಎಂದರೆ ಇಡೀ ಗುಂಪಿಗೆ ಇಪ್ಪತ್ತು ನಿಮಿಷ. ಬೆಳಿಗ್ಗೆ 5ಕ್ಕೆ ಹೊರಟರೆ ಮಧ್ಯಾಹ್ನ 3ರ ಒಳಗೆ ಮೈಸೂರು ಸೇರಬಹುದು, ಸಂಜೆ 5ಕ್ಕೆ ಗಾಡಿ ಹೊರಡಬಹುದು. ಮಧ್ಯಾಹ್ನ 12.30ಕ್ಕೂ ಮಳವಳ್ಳಿ ದಾಟದವರು ಸೈಕಲನ್ನು ಗಾಡಿಗೆ ಏರಿಸಿ ಸವಾರಿ ನಿಲ್ಲಿಸಬೇಕು ಎಂಬ ನಿಯಮವನ್ನು ಈಗಲೇ ಎಲ್ಲರೂ ಒಪ್ಪಿಕೊಳ್ಳಿ. ದಣಿದ ಮನುಷ್ಯನೊಂದಿಗೆ ರಸ್ತೆಬದಿಯಲ್ಲಿ ಈ ಚರ್ಚೆ ನಡೆಸುವುದು ಕಷ್ಟ, ಅವನ ಮನಸ್ಸಿಗೂ ನೋವು.

ಉತ್ತರ 2

ನಾನು ಮಳವಳ್ಳಿ ತಾಲ್ಲೂಕಿನವನು. ಈ ರಸ್ತೆಯಲ್ಲಿ ಸೈಕಲ್ ತುಳಿದೇ ಹೈಸ್ಕೂಲಿಗೆ ಹೋದವನು. ಮೇಲಿನವರು ಹೇಳಿರುವುದನ್ನು ಒಪ್ಪುತ್ತೇನೆ. ದಾರಿಯ ಬಗ್ಗೆ ಕೆಲವನ್ನು ಸೇರಿಸಬೇಕಾಗಿದೆ.

ಜನವರಿ ನಮ್ಮಲ್ಲಿ ಸುಗ್ಗಿಯ ಕಾಲ. ಹುರುಳಿಯನ್ನೂ ರಾಗಿಯನ್ನೂ ವಾಹನಗಳ ಚಕ್ರದಡಿ ಸಿಕ್ಕಿ ಕಾಳು ಬೇರೆಯಾಗಲೆಂದು ರಸ್ತೆಯ ಮೇಲೆಯೇ ಹರಡುವ ಅಭ್ಯಾಸ ಇಂದಿಗೂ ಇದೆ. ಕಾರಿನವರಿಗೆ ಅದು ತೊಡಕೆನಿಸದು. ಆದರೆ ಸೈಕಲ್ ಅದರ ಮೇಲೆ ಹೋದರೆ ಚಕ್ರ ಜಾರುತ್ತದೆ, ಹುರುಳಿಯ ಬಳ್ಳಿ ಚೈನಿಗೂ ಡಿರೇಲರಿಗೂ ಸುತ್ತಿಕೊಂಡು ಒಮ್ಮೆಲೇ ಹಿಡಿದು ನಿಲ್ಲಿಸಿಬಿಡುತ್ತದೆ; ಡಿರೇಲರ್ ಮುರಿದರೆ ಆ ಸವಾರರ ಪ್ರಯಾಣ ಅಲ್ಲಿಗೇ ಮುಗಿಯಿತು. ಒಕ್ಕಣೆ ಕಂಡ ಕೂಡಲೇ ಇಳಿದು, ಪಕ್ಕದಲ್ಲಿ ತಳ್ಳಿಕೊಂಡು ದಾಟಿ. ಎರಡು ನಿಮಿಷ ಹೋಗಬಹುದು, ಸೈಕಲ್ ಉಳಿಯುತ್ತದೆ.

ಕಬ್ಬಿನ ಟ್ರ್ಯಾಕ್ಟರುಗಳು ಇನ್ನೊಂದು. ಎರಡೆರಡು ಟ್ರೈಲರ್ ಎಳೆಯುತ್ತ ಹೋಗುವ ಇವುಗಳ ಹಿಂಬದಿಯಲ್ಲಿ ಎಷ್ಟೋ ಬಾರಿ ದೀಪವೂ ಇರುವುದಿಲ್ಲ, ಇಕ್ಕೆಲಗಳಲ್ಲಿ ಕಬ್ಬು ಹೊರಚಾಚಿರುತ್ತದೆ. ಗಾಳಿ ತಪ್ಪುತ್ತದೆಂದು ಅದರ ಬೆನ್ನಿಗೆ ಅಂಟಿಕೊಂಡು ಹೋಗುವ ಸವಾರರನ್ನು ಕಂಡಿದ್ದೇನೆ. ಎರಡು ಜಲ್ಲೆ ಜಾರಿ ಬಿದ್ದರೂ ಸಾಕು, ಗುಂಪೇ ಉರುಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಸಾತನೂರು–ಹಲಗೂರು ಭಾಗದಲ್ಲಿ ಕಾಡಾನೆಗಳು ಬರುವುದುಂಟು. ನೀವು ಅಲ್ಲಿಗೆ ಬರುವ ಹೊತ್ತಿಗೆ ಬಿಸಿಲೇರಿರುತ್ತದೆಯಾದ್ದರಿಂದ ಆತಂಕ ಬೇಡ, ಆದರೆ ಇನ್ನೂ ಬೇಗ ಹೊರಟು ಕತ್ತಲಲ್ಲಿ ಆ ದಾರಿ ದಾಟುವ ಯೋಚನೆ ಮಾಡಬೇಡಿ. ಪ್ರತಿ ಊರಿನ ಮುಂದೆಯೂ ಹಂಪ್‌ಗಳಿವೆ, ಬಣ್ಣ ಬಳಿಯದವೇ ಹೆಚ್ಚು. ಮಳವಳ್ಳಿಯಲ್ಲಿ ಯಾರಿಗಾದರೂ ಮೈಗೆ ಸರಿಯಿಲ್ಲವಾದರೆ ಮೈಸೂರಿಗೂ ಬೆಂಗಳೂರಿಗೂ ಬಸ್ಸುಗಳಿವೆ. ಮದ್ದೂರಿಗೆ ಹೋದರೆ ರೈಲೂ ಸಿಗುತ್ತದೆ, ಆದರೆ ಅಲ್ಲಿ ಸೈಕಲ್ ಏರಿಸುವಷ್ಟು ಹೊತ್ತು ರೈಲು ನಿಲ್ಲುವುದಿಲ್ಲ.

ಉತ್ತರ 3

ನಿಮ್ಮ ಗುಂಪಿನಲ್ಲಿ ಹೆಂಗಸರಿದ್ದಾರೆಯೇ ಎಂದು ನೀವು ಹೇಳಿಲ್ಲ. ಇದ್ದರೆ, ನಿಲ್ಲುವ ತಾಣಗಳನ್ನು ಶೌಚಾಲಯ ನೋಡಿ ಆರಿಸಿ. ಶೌಚಾಲಯ ಸಿಗಲಾರದೆಂಬ ಅಂಜಿಕೆಯಿಂದ ನೀರು ಕುಡಿಯದೆ ತುಳಿಯುವುದನ್ನು ನಾನೇ ಎರಡು ವರ್ಷ ಮಾಡಿದ್ದೇನೆ. ಮಧ್ಯಾಹ್ನದ ವೇಳೆಗೆ ತಲೆನೋವು, ವಾಂತಿ ಬಂದು ಸವಾರಿ ಬಿಡಬೇಕಾಯಿತು. ಈಗ ನಾವು ಹದಿನೈದು ದಿನ ಮುಂಚೆ ಒಬ್ಬರು ಬೈಕಿನಲ್ಲಿ ಆ ದಾರಿಯಲ್ಲಿ ಹೋಗಿ, ಸ್ವಚ್ಛ ಶೌಚಾಲಯವಿರುವ ಪೆಟ್ರೋಲ್ ಬಂಕ್ ಮತ್ತು ಹೋಟೆಲುಗಳನ್ನು ಗುರುತಿಸಿಕೊಂಡು ಬರುತ್ತೇವೆ, 30 ಕಿಲೋಮೀಟರಿಗೊಂದಾದರೂ ಇರುವಂತೆ ನೋಡಿಕೊಳ್ಳುತ್ತೇವೆ.

ನೀರಿನ ವಿಷಯಕ್ಕೆ ಬಂದರೆ, ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬೇಕಾಗುತ್ತದೆ. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಎಳನೀರನ್ನೇ ನಂಬಿಕೊಂಡವರು ಒಂದು ಸಂಗತಿ ತಿಳಿದಿರಬೇಕು: ಅದರಲ್ಲಿ ಪೊಟ್ಯಾಶಿಯಂ ಹೇರಳವಾಗಿದೆ, ಬೆವರಿನಲ್ಲಿ ಹೆಚ್ಚಾಗಿ ಕಳೆಯುವ ಸೋಡಿಯಂ ಕಡಿಮೆ. ಆದ್ದರಿಂದ ಎಳನೀರನ್ನು ಸಂತೋಷವಾಗಿ ಕುಡಿಯಿರಿ, ಜೊತೆಗೆ ಒಂದು ಲೀಟರಿಗೆ ಒಂದು ಪೊಟ್ಟಣದಂತೆ ಕಲಸಿದ ಓಆರ್‌ಎಸ್ ಕೂಡ ಇರಲಿ. ತಿನ್ನುವುದನ್ನು ಹಸಿವಿಗೆ ಬಿಡಬೇಡಿ, ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣನ್ನೋ ಕಡಲೆಕಾಯಿ ಚಿಕ್ಕಿಯನ್ನೋ ಬಾಯಿಗೆ ಹಾಕಿಕೊಳ್ಳಿ. ಕನಕಪುರದಲ್ಲಿ ತಿಂಡಿಗೆ ನಿಂತಾಗ ಇಡ್ಲಿ ಸಾಕು. ಪೂರಿ ತಿಂದವರು ಮುಂದಿನ ಏರುಗಳಲ್ಲಿ ಪಡುವ ಪಾಡನ್ನು ನೋಡಲಾಗದು.

ಮನೆ ಸೇರುವ ಬಗ್ಗೆ ಒಂದು ಮಾತು ಯಾರೂ ಹೇಳಲಿಲ್ಲ. ರೈಲು ನಿಲ್ದಾಣದಲ್ಲಿ ಬೈಕ್ ನಿಲ್ಲಿಸಿಟ್ಟು, ರಾತ್ರಿ ಇಳಿದು ಅದನ್ನು ಓಡಿಸಿಕೊಂಡು ಹೋಗುವ ಏರ್ಪಾಡು ಬೇಡ. ಮುಂಜಾನೆ ಮೂರೂವರೆಗೆ ಎದ್ದು ದಿನವಿಡೀ ತುಳಿದವರಿಗೆ ರೈಲಿನಲ್ಲಿ ಒಂದು ಜೊಂಪು ಹತ್ತಿದ ಮೇಲೆ ಕಣ್ಣು ಸರಿಯಾಗಿ ತೆರೆಯುವುದಿಲ್ಲ. ಮೆಟ್ರೋದಲ್ಲಿ ಬನ್ನಿ, ಇಲ್ಲವೇ ಮನೆಯವರಿಗೆ ಬರಹೇಳಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಮೂವರಿಗೂ ಋಣಿಯಾಗಿದ್ದೇನೆ. ನಮ್ಮ ಗುಂಪಿನಲ್ಲಿ ಇಬ್ಬರು ಮಹಿಳೆಯರಿದ್ದಾರೆ. ಮೂರನೆಯ ಉತ್ತರವನ್ನು ಅವರಿಗೆ ಓದಿ ಹೇಳಿದಾಗ, ಕೇಳಲು ಸಂಕೋಚಪಟ್ಟಿದ್ದನ್ನೇ ಬರೆದಿದ್ದಾರೆ ಎಂದರು. ದಾರಿ ನೋಡಿ ಬರುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಸಂಕ್ರಾಂತಿಯ ನಂತರದ ಶನಿವಾರವೆಂದು ಎಲ್ಲರೂ ಒಪ್ಪಿದ್ದೇವೆ, ಗಾಡಿಯನ್ನೂ ವಿಚಾರಿಸುತ್ತಿದ್ದೇವೆ. ಮಳವಳ್ಳಿಯ ನಿಯಮಕ್ಕೆ ನಮ್ಮಲ್ಲಿ ಹಿರಿಯರಾದವರೇ ಮೊದಲು ಕೈ ಎತ್ತಿದರು. ಉಳಿದಿರುವುದು ಒಂದು ಸಂದೇಹ: ಚಕ್ರಗಳು ಬೇರೆ ಬೇರೆ ಅಳತೆಯವಾಗಿರುವುದರಿಂದ ಟ್ಯೂಬುಗಳನ್ನೂ ಉಪಕರಣಗಳನ್ನೂ ಯಾರು ಎಷ್ಟು ಹೊರಬೇಕು?

ಉತ್ತರ 1ರವರು ಮತ್ತೆ

ತಮ್ಮ ಚಕ್ರದ ಅಳತೆಯ ಎರಡು ಟ್ಯೂಬ್ ಮತ್ತು ಟೈರ್ ಬಿಚ್ಚುವ ಲಿವರ್ ಪ್ರತಿಯೊಬ್ಬರ ಬಳಿಯೂ ಇರಲಿ. ಇವು ಹಂಚಿಕೊಳ್ಳುವ ವಸ್ತುಗಳಲ್ಲ. ಟ್ಯೂಬಿಗೆ ಗಾಳಿ ತುಂಬುವ ವಾಲ್ವಿನಲ್ಲಿ ಎರಡು ಬಗೆಯಿವೆ, ಪ್ರೆಸ್ಟಾ ವಾಲ್ವೋ ಶ್ರೇಡರ್ ವಾಲ್ವೋ ನೋಡಿಕೊಂಡೇ ಕೊಳ್ಳಿ. ಎರಡಕ್ಕೂ ಹೊಂದುವ ಪಂಪ್ ಗುಂಪಿಗೆ ಎರಡು, ಒಂದು ಮುಂದಿರುವವರಲ್ಲಿ, ಇನ್ನೊಂದು ಕೊನೆಯವರಲ್ಲಿ. ಅಲೆನ್ ಕೀಗಳ ಕಟ್ಟು, ಚೈನ್ ಕತ್ತರಿಸುವ ಉಪಕರಣ, ಚೈನ್ ಜೋಡಿಸುವ ಕೊಂಡಿ ಕೊನೆಯ ಸವಾರರ ಚೀಲದಲ್ಲಿರಲಿ. ಬೇರೆ ಬೇರೆ ಸ್ಪೀಡಿನ (ಹಿಂದಿನ ಗೇರುಗಳ ಸಂಖ್ಯೆ ಬೇರೆಯಾಗಿರುವ) ಚೈನ್‌ಗಳಿಗೆ ಬೇರೆ ಬೇರೆ ಕೊಂಡಿ ಬೇಕೆಂಬುದನ್ನು ಮರೆಯಬೇಡಿ.

ಇನ್ನೊಂದು ಕೆಲಸವನ್ನು ಈ ವಾರವೇ ಮನೆಯಲ್ಲಿ ಮಾಡಿಬಿಡಿ. ಎಂಟೂ ಸೈಕಲ್‌ಗಳ ಪೆಡಲ್‌ಗಳನ್ನು ಒಮ್ಮೆ ಬಿಚ್ಚಿ, ಮರೆಗೆ (ತಿರುಪಿನ ಸುತ್ತುಗಳಿಗೆ) ಗ್ರೀಸ್ ಸವರಿ ಮತ್ತೆ ಹಾಕಿ. ಎಡ ಪೆಡಲಿನ ಮರೆ ತಿರುವುಮುರುವಾಗಿರುತ್ತದೆ, ಅದನ್ನು ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ವರ್ಷಗಟ್ಟಲೆ ಬಿಚ್ಚದ ಪೆಡಲ್ ತುಕ್ಕು ಹಿಡಿದಿದ್ದರೆ ಮೈಸೂರಿನಲ್ಲಿ ಗಾಡಿ ಕಾಯುತ್ತಿರುವಾಗ ಅದು ಅಲುಗಾಡುವುದೇ ಇಲ್ಲ.