ಪದಚರ್ಚೆ: 'ಲೌಡ್‌ನೆಸ್'ಗೆ 'ಜೋರು' ಸಾಲದೇ?

ಬಲ್ಲವರಿಗೆ ನಮಸ್ಕಾರ.

ಬಳ್ಳಾರಿಯ ಪದವಿ ವಿದ್ಯಾರ್ಥಿಗಳಿಗೆಂದು ಒಂದು ಪಾಠ ಬರೆಯುತ್ತಿದ್ದೇನೆ. ಒಂದು ಸದ್ದು ಮನುಷ್ಯರ ಕಿವಿಗೆ ಎಷ್ಟು ಜೋರಾಗಿ ಕೇಳೀತು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳ ಬಗ್ಗೆ. 'ಲೌಡ್‌ನೆಸ್' ಬಂದಲ್ಲೆಲ್ಲ 'ತೀವ್ರತೆ' ಎಂದು ಬರೆದು ಮುಗಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ತೀವ್ರತೆ ಗಾಳಿಯಲ್ಲಿರುವುದು, ಮೀಟರಿಗೆ ಸಿಗುವುದು. ಲೌಡ್‌ನೆಸ್ ಕೇಳುವವರಲ್ಲಿ ಹುಟ್ಟುವುದು. ಮಾದರಿಗೆ ಒಂದು ಕಚ್ಚಾಮಾಲು, ಇನ್ನೊಂದು ಉತ್ತರ. ಎರಡಕ್ಕೂ ಒಂದೇ ಪದ ಕೊಟ್ಟರೆ ಪಾಠವೇ ನಿಲ್ಲುವುದಿಲ್ಲ.

ನಮ್ಮೂರ ಜೀನ್ಸ್ ಹೊಲಿಯುವ ಶೆಡ್ಡುಗಳನ್ನೇ ನೋಡಿ. ಒಂದು ಮಿಷಿನ್ ಓಡುವಲ್ಲಿ ಅಂಥದೇ ಇನ್ನೊಂದು ಸೇರಿದರೆ ತೀವ್ರತೆ ಇಮ್ಮಡಿಯಾಗುತ್ತದೆ, ಅಂದರೆ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಮಾತ್ರ ಹೆಚ್ಚುಕಡಿಮೆ ಕಾಲು ಪಾಲು ಏರಿದಂತೆ ಅನಿಸುತ್ತದೆ. ಎರಡರಷ್ಟು ಅನಿಸಬೇಕಾದರೆ ಸುಮಾರು ಹತ್ತು ಮಿಷಿನ್ ಓಡಬೇಕು! ಅಮೆರಿಕದ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ 1936ರಲ್ಲಿ 'ಸೋನ್' ಎಂಬ ಮಾನ ತಂದದ್ದು ಈ ಅನಿಸಿಕೆಯನ್ನು ಅಳೆಯಲಿಕ್ಕೆ. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕವೂ (ಹರ್ಟ್ಜ್) ನಡುವೆ ಬರುತ್ತದೆ. ಹೊಲದ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಗುಂಯ್‌ಗುಡುವ ಮೂಲನಾದ 100 ಹರ್ಟ್ಜ್. ಅಂಥ ನಾದ ಸುಮಾರು 64 ಡೆಸಿಬೆಲ್ ಇದ್ದರೂ 1000 ಹರ್ಟ್ಜ್‌ನ 40 ಡೆಸಿಬೆಲ್ ನಾದದಷ್ಟೇ ಕೇಳುತ್ತದೆ. ಜರ್ಮನಿಯ ಧ್ವನಿವಿಜ್ಞಾನಿ ಜ್ವಿಕರ್ ಅವರ ಮಾದರಿಯು ಸದ್ದನ್ನು ಕಂಪನದ ಪ್ರಕಾರ 24 ಪಟ್ಟಿಗಳಾಗಿ ಸೀಳಿ, ಪಟ್ಟಿ ಪಟ್ಟಿಯ ಜೋರನ್ನು ಬೇರೆ ಬೇರೆ ಕಂಡುಕೊಂಡು ಆಮೇಲೆ ಕೂಡಿಸುತ್ತದೆ.

ಈಗ ಪದಕ್ಕೆ ಬರೋಣ. 'ಗಟ್ಟಿಯಾಗಿ ಮಾತಾಡು' ಸರಿ, ಆದರೆ 'ಸದ್ದಿನ ಗಟ್ಟಿತನ' ಅಂದರೆ ಕಲ್ಲು ಕಣ್ಮುಂದೆ ಬರುತ್ತದೆ. 'ದೊಡ್ಡ ದನಿ, ಸಣ್ಣ ದನಿ' ಇನ್ನೂ ಕಷ್ಟ. ಮೆಲ್ಲಗಿನ ದನಿಯೂ ಸಣ್ಣದೇ, ಎಳೆ ಮಕ್ಕಳ ಕೀರಲು ದನಿಯೂ ಸಣ್ಣದೇ. ನಮ್ಮ ಕಡೆ "ಸಪ್ಪಳ ಬಾಳ ಜೋರೈತಿ, ಒಂಚೂರು ಕಡಿಮಿ ಮಾಡ್ರಿ" ಅನ್ನುವಾಗ ಯಾರ ಮನಸ್ಸಿನಲ್ಲೂ ಮೀಟರ್ ಇರುವುದಿಲ್ಲ, ಕಿವಿಯೇ ಇರುತ್ತದೆ. ಹಾಗಾಗಿ ನನ್ನ ಓಟು 'ಜೋರು'ಗೆ. ಪಾರ್ಸಿಯಿಂದ ಬಂದಿದ್ದರೇನಂತೆ, ಮನೆಮಾತಾಗಿ ಎಷ್ಟೋ ಕಾಲವಾಯಿತು. ಮಳೆಗೂ ಓಟಕ್ಕೂ ಅದೇ ಪದ ನಡೆಯುತ್ತದೆ ಎಂಬ ಆಕ್ಷೇಪ ಬರಬಹುದು. 'ಸದ್ದಿನ ಜೋರು' ಎಂದರೆ ಆ ಗೊಂದಲ ಉಳಿಯದು.

ನನ್ನ ಪ್ರಶ್ನೆ ಇಷ್ಟು: ತಲೆಬರಹದಲ್ಲಿ 'ಜೋರಿನ ಮಾದರಿ' ಕಿವಿಗೆ ಒಗ್ಗುತ್ತದೆಯೇ, 'ಜೋರುತನ' ಮಾಡಬೇಕೇ? ಇನ್ನೊಂದು: ಒಂದು ಸದ್ದು ಮತ್ತೊಂದನ್ನು ಕೇಳಿಸದಂತೆ ಮಾಡುವುದಕ್ಕೆ 'ನುಂಗು' ಎಂದೇ ಬರೆದಿದ್ದೇನೆ. ರಾಯಚೂರು, ಕೊಪ್ಪಳದ ಕಡೆಯವರು ಇದಕ್ಕೆ ಬೇರೆ ಮಾತು ಆಡುತ್ತಿದ್ದರೆ, ಆಡುವ ವಾಕ್ಯದ ಸಮೇತ ಬರೆದು ತಿಳಿಸಿ.